ಘಾಟಿಯಲ್ಲಿ ಕುದಿಯುವ ಹಳೆ ಕಾರು: ಸ್ಪ್ಯಾನರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ

ಹಳೆಯ ಕಾರು ಹೀಟ್ ಆಗುತ್ತಿದೆ ಎಂದರೆ ಸಾಕು, ಗ್ಯಾರೇಜಿನಲ್ಲಿ ಒಂದಾದ ಮೇಲೊಂದು ಬಿಚ್ಚುವ ಕೆಲಸ ಶುರುವಾಗುತ್ತದೆ. ಮೊದಲು ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಡಬ್ಬಿಗೆ ಹಾಕುತ್ತಾರೆ. ಅದಕ್ಕೆ ಬಗ್ಗದಿದ್ದರೆ ರೇಡಿಯೇಟರ್ ಬಿಚ್ಚಿ ಶಿವಮೊಗ್ಗಕ್ಕೆ ಕಳಿಸುತ್ತಾರೆ. ಬಳಿಕ ವಾಟರ್ ಪಂಪ್, ಆಮೇಲೆ ಮುಂದುಗಡೆ ಒಂದು ಕರೆಂಟ್ ಫ್ಯಾನ್, ಎಲ್ಲವೂ ಮುಗಿದ ಮೇಲೆ ಹೆಡ್ ಗ್ಯಾಸ್ಕೆಟ್. ಇಷ್ಟಾದರೂ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಮುಳ್ಳು ಮತ್ತೆ ಕೆಂಪು ಗೆರೆ ಮುಟ್ಟುತ್ತದೆ. ಕಾರಿನ ಯಜಮಾನ ‘ಹಳೇ ಗಾಡಿ, ಇಷ್ಟೇ’ ಎಂದು ಕೈಚೆಲ್ಲಿ ಟಾರ್ಪಾಲು ಹೊದಿಸಿ ಕೊಟ್ಟಿಗೆಯ ಪಕ್ಕ ನಿಲ್ಲಿಸುತ್ತಾನೆ. ಒಳ್ಳೆಯ ಕಾರುಗಳು ಹೀಗೆ ನಿಂತಲ್ಲೇ ತುಕ್ಕು ಹಿಡಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಏಕೆಂದರೆ ಈ ಬಹುಪಾಲು ಕೆಲಸಗಳಿಗಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ: ಈ ಎಂಜಿನ್ ಬಿಸಿಯಾಗುವುದು ಯಾವಾಗ? ಏರಿನಲ್ಲಿಯೋ, ಸಮತಟ್ಟು ರಸ್ತೆಯ ಓಟದಲ್ಲಿಯೋ, ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೋ, ನಿಲ್ಲಿಸಿದ ಮೇಲೋ? ಯಾವ ಭಾಗ ಕೆಟ್ಟಿದೆ ಎಂಬುದಕ್ಕೆ ಸಿಗುವ ಅತಿ ದೊಡ್ಡ ಸಾಕ್ಷ್ಯ ಇದರ ಉತ್ತರದಲ್ಲಿದೆ. ಅದು ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಪಡೆಯದೆ ನಟ್ಟು ಬಿಚ್ಚಬಾರದು ಎನ್ನುವುದು ನನ್ನ ವಾದ.

ಈ ಪ್ರಶ್ನೆಗೆ ಏಕೆ ಇಷ್ಟು ಬೆಲೆ ಎಂದು ತಿಳಿಯಲು ಎಂಜಿನ್ನಿನೊಳಗೆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಕಾಲು ಭಾಗದ ಆಸುಪಾಸು ಮಾತ್ರ ಕೆಲಸಕ್ಕೆ ದಕ್ಕುತ್ತದೆ. ಮೂರನೇ ಒಂದರಷ್ಟು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸಬೇಕು. ಸಿಲಿಂಡರಿನ ಗೋಡೆಯಿಂದ ನೀರಿಗೆ, ನೀರಿನಿಂದ ರೇಡಿಯೇಟರಿನ ಕೊಳವೆಗೆ, ಕೊಳವೆಯಿಂದ ತೆಳು ರೆಕ್ಕೆಗಳಿಗೆ, ರೆಕ್ಕೆಯಿಂದ ಗಾಳಿಗೆ ಹೀಗೆ ನಾಲ್ಕು ಕೈ ದಾಟಿ ಅದು ಹೊರಬೀಳುತ್ತದೆ. ಯಾವ ಕೈ ಸೋತರೂ ಡ್ಯಾಶ್‌ಬೋರ್ಡಿನ ಮುಳ್ಳು ಏರುವುದು ಒಂದೇ ರೀತಿ. ಆದ್ದರಿಂದ ಮುಳ್ಳನ್ನಷ್ಟೇ ನೋಡಿ ಸೋತದ್ದು ಯಾವುದೆಂದು ಹೇಳಲು ಬಾರದು. ಆದರೆ ನಾಲ್ಕೂ ಕೈಗಳಿಗೆ ಎಲ್ಲ ಹೊತ್ತಿನಲ್ಲೂ ಒಂದೇ ಪರೀಕ್ಷೆ ಇರುವುದಿಲ್ಲ. ನಿಧಾನವಾಗಿ ಏರುವಾಗ ಪರೀಕ್ಷೆಗೆ ಒಳಗಾಗುವುದು ಗಾಳಿ. ವೇಗವಾಗಿ ಓಡುವಾಗ ಪರೀಕ್ಷೆ ನೀರಿನ ಹರಿವಿಗೆ.

ಆಗುಂಬೆ ಘಾಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉಡುಪಿ ಜಿಲ್ಲೆಯ ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವು ಸುತ್ತಿ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಗೆ ಹತ್ತುತ್ತದೆ. ಏರು ಕಡಿಮೆಯೆಂದರೂ 500 ಮೀಟರ್. ಜನ, ಸಾಮಾನು ಎಲ್ಲ ಸೇರಿ ಒಂದು ಟನ್ ತೂಗುವ ಕಾರು ಇಪ್ಪತ್ತು ನಿಮಿಷದಲ್ಲಿ ಇಷ್ಟು ಎತ್ತರ ಹತ್ತಿದರೆ, ಎತ್ತುವ ಕೆಲಸಕ್ಕೆ ಬೇಕಾಗುವುದು ಸರಾಸರಿ 4 ಕಿಲೋವ್ಯಾಟ್. ಟೈರ್ ಉರುಳಲು ಇನ್ನೊಂದು ಸೇರಿಸಿದರೆ 5 ಆಯಿತು. ಅದೇ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡುವಾಗ ಎದುರುಗಾಳಿಯನ್ನು ಸೀಳಲು ಮತ್ತು ಟೈರ್ ಉರುಳಿಸಲು 8 ಕಿಲೋವ್ಯಾಟಿನಷ್ಟು ಖರ್ಚು ಮಾಡುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತ ತನ್ನೊಳಗೇ ಕಳೆದುಕೊಳ್ಳುವ ಶಕ್ತಿಯನ್ನು ಸೇರಿಸಿಕೊಂಡರೂ ಸರಾಸರಿಯಲ್ಲಿ ಘಾಟಿಯ ಹೊರೆ ಹೆದ್ದಾರಿಯ ಹೊರೆಯನ್ನು ಬಹಳವೇನೂ ಮೀರುವುದಿಲ್ಲ. ‘ಏರಿನಲ್ಲಿ ಎಂಜಿನ್ನಿಗೆ ಕಷ್ಟ, ಅದಕ್ಕೇ ಕುದಿಯುತ್ತದೆ’ ಎಂಬ ಮಾತು ಆದ್ದರಿಂದ ಅರ್ಧ ಸತ್ಯ. ಉಳಿದರ್ಧ ಗಾಳಿಯಲ್ಲಿದೆ. 80 ಕಿ.ಮೀ. ವೇಗದಲ್ಲಿ ರೇಡಿಯೇಟರಿಗೆ ನುಗ್ಗುವ ಗಾಳಿ ಓಟದಿಂದಲೇ ಬರುತ್ತದೆ, ಫ್ಯಾನ್ ಇಲ್ಲದಿದ್ದರೂ ನಡೆದೀತು. ಘಾಟಿಯಲ್ಲಿ 20–25 ಕಿ.ಮೀ. ವೇಗ, ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಅದೂ ಇಲ್ಲ. ಅಲ್ಲಿ ಎಲ್ಲವೂ ಫ್ಯಾನಿನ ಮೇಲೆ ನಿಂತಿದೆ.

ಹಾಗಾಗಿ ಘಾಟಿಯಲ್ಲಿ ಮಾತ್ರ ಬಿಸಿಯಾಗಿ, ಆಗುಂಬೆ ದಾಟಿ ಮೇಗರವಳ್ಳಿ ಕಡೆಗೆ ಸಲೀಸಾಗಿ ಓಡತೊಡಗಿದ ಹತ್ತು ನಿಮಿಷದಲ್ಲಿ ಮುಳ್ಳು ತಾನಾಗಿ ಇಳಿಯುವ ಕಾರಿನ ರೇಡಿಯೇಟರನ್ನು ಬಿಚ್ಚುವ ಮೊದಲು ಅದರ ಎದುರಿನ ಮತ್ತು ಹಿಂದಿನ ಗಾಳಿಯ ದಾರಿಯನ್ನು ನೋಡಬೇಕು. ತೀರ್ಥಹಳ್ಳಿ–ಮೇಗರವಳ್ಳಿ–ಆಗುಂಬೆ–ಸೋಮೇಶ್ವರ ದಾರಿ ಈ ಭಾಗದವರಿಗೆ ಸಿಕ್ಕ ದೊಡ್ಡ ಅನುಕೂಲ. ಓಟದ ಪರೀಕ್ಷೆ ಮತ್ತು ಏರಿನ ಪರೀಕ್ಷೆ ಎರಡೂ ಒಂದೇ ದಾರಿಯಲ್ಲಿ, ಒಂದೇ ಬೆಳಿಗ್ಗೆ ಮುಗಿಯುತ್ತವೆ. ಹೊಸನಗರದವರಿಗೆ ಹುಲಿಕಲ್ ಘಾಟಿ ಇದೆ, ಹೊಸನಗರ–ಸಾಗರ ರಸ್ತೆಯ ಓಟ ಇದೆ. ಬಯಲುಸೀಮೆಯವರಿಗೆ ಈ ಸೌಲಭ್ಯ ಇಲ್ಲ.

ಸ್ಪೋರ್ಟ್ಸ್ ಕಾರಿನ ಮಾತು ಬಂದಾಗ ಗಾಳಿಯ ಈ ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಅಂಥ ಕಾರಿನ ಮೂತಿ ತಗ್ಗು, ಗ್ರಿಲ್ ಸಣ್ಣದು, ಬಾನೆಟ್ಟಿನೊಳಗೆ ಕೈ ಹಾಕಲು ಜಾಗವಿಲ್ಲ. ಒಳಗೆ ಬಂದ ಗಾಳಿ ಹೊರಹೋಗಲು ಸಹ ದಾರಿ ಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರಿನ ಸುತ್ತ ಎರಡು ಬೆರಳು ತೂರುವಷ್ಟು ಸಂದು ಇದ್ದರೆ ರೆಕ್ಕೆಗಳ ನಡುವೆ ನುಸುಳುವ ಬದಲು ಅಲ್ಲಿಂದಲೇ ನುಣುಚಿಕೊಳ್ಳುತ್ತದೆ. ಕಾರ್ಖಾನೆಯಿಂದ ಬಂದಾಗ ಆ ಸಂದುಗಳಿಗೆ ರಬ್ಬರ್ ಪಟ್ಟಿ, ಫೋಮು, ತಗಡಿನ ತಡೆ ಇರುತ್ತಿತ್ತು. ಮೂವತ್ತು ನಲವತ್ತು ವರ್ಷದಲ್ಲಿ ಎರಡು ಬಾರಿ ಪೇಂಟ್ ಆಗಿ, ಒಂದು ಬಾರಿ ಮುಂದೆ ಗುದ್ದಿ, ಆ ಚೂರುಗಳೆಲ್ಲ ಕಳೆದುಹೋಗಿರುತ್ತವೆ. ಫ್ಯಾನಿನ ಸುತ್ತ ಇರುವ ಬಳೆಯಾಕಾರದ ಕವಚದ ಪಾಡೂ ಇದೇ. ‘ಕೆಲಸಕ್ಕೆ ಅಡ್ಡ’ ಎಂದು ಬಿಚ್ಚಿಟ್ಟದ್ದು ಮತ್ತೆ ಹತ್ತಿರುವುದಿಲ್ಲ. ಕವಚವಿಲ್ಲದ ಫ್ಯಾನ್ ಎದುರಿನ ಗಾಳಿಯನ್ನು ಎಳೆಯುವುದು ಬಿಟ್ಟು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ತಿರುಗಿಸುತ್ತದೆ.

ಇನ್ನು ರೆಕ್ಕೆಗಳ ನಡುವೆ ಸೇರಿಕೊಳ್ಳುವ ವಸ್ತುಗಳನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಮ್ಮಣ್ಣಿನ ರಸ್ತೆಯ ಕೆಸರು ಹಾರಿ ಕೂತು ಒಣಗಿರುತ್ತದೆ, ಹುಲ್ಲಿನ ಬೀಜ, ಹಾತೆಗಳು, ತರಗೆಲೆಯ ಚೂರು ಇರುತ್ತವೆ. ಎದುರಿನಿಂದ ಗಾಳಿ ಹೊಡೆದರೆ ಇವೆಲ್ಲ ಇನ್ನೂ ಒಳಗೆ ಹೋಗುತ್ತವೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆದುವಾಗಿ ನೀರು ಬಿಡಬೇಕು, ರೆಕ್ಕೆ ಮಡಚಿಕೊಳ್ಳುವಷ್ಟು ಜೋರಾಗಿ ಬಿಡಬಾರದು. ಮಳೆಗಾಲದ ಮೂರು ನಾಲ್ಕು ತಿಂಗಳು ನಿಂತ ಕಾರಿನಲ್ಲಿ ರೇಡಿಯೇಟರ್ ಮುಚ್ಚಳದ ಪಕ್ಕದ ಸಣ್ಣ ಓವರ್‌ಫ್ಲೋ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಕಣಜ ಅದರೊಳಗೆ ಮಣ್ಣು ಮೆತ್ತಿ ಗೂಡು ಕಟ್ಟಿದ್ದರೆ ಉಕ್ಕಿದ ನೀರಿಗೆ ಹೋಗಲು ದಾರಿಯಿಲ್ಲ, ತಣಿದಾಗ ಮರಳಿ ಬರಲೂ ದಾರಿಯಿಲ್ಲ. ಗೂಡು ತೆಗೆಯಲು ಒಂದು ತಂತಿ ಸಾಕು. ಇದನ್ನು ನೋಡದೆ ರೇಡಿಯೇಟರ್ ಬದಲಾಯಿಸಿದರೆ ಹೊಸ ರೇಡಿಯೇಟರೂ ಅದೇ ಹಾಡು ಹಾಡುತ್ತದೆ.

ಬೇರೆ ಜಾತಿಯ ಕಾರೊಂದಿದೆ. ಘಾಟಿಯಲ್ಲಿ ಹೇಗೋ ನಿಭಾಯಿಸುತ್ತದೆ, ಆದರೆ ಸಮತಟ್ಟು ರಸ್ತೆಯಲ್ಲಿ 70–80ಕ್ಕೆ ಹತ್ತು ಹನ್ನೆರಡು ನಿಮಿಷ ಓಡಿಸಿದರೆ ಮುಳ್ಳು ನಿಧಾನವಾಗಿ ಏರುತ್ತಲೇ ಹೋಗುತ್ತದೆ, ವೇಗ ಇಳಿಸಿದರೆ ಇಳಿಯುತ್ತದೆ. ಇಲ್ಲಿ ಗಾಳಿ ಧಾರಾಳವಾಗಿದೆ. ಸೋತಿರುವುದು ನೀರಿನ ಹರಿವು, ಇಲ್ಲವೇ ನೀರು ಮತ್ತು ಲೋಹದ ನಡುವಿನ ಸಂಪರ್ಕ. ಒಳಗೆ ಗಟ್ಟಿ ಕಟ್ಟಿದ ಪದರವೊಂದಿದ್ದರೆ ಅದು ಬಚ್ಚಲ ಹಂಡೆಗೆ ಒಳಗಿನಿಂದ ಕಟ್ಟಿಕೊಂಡ ಬಿಳಿ ಸುಣ್ಣದ ಹಾಗೆ: ಒಲೆ ಎಷ್ಟು ಉರಿದರೂ ಬಿಸಿ ನೀರಿಗೆ ತಾಗಲು ತಡವಾಗುತ್ತದೆ, ಲೋಹ ಮಾತ್ರ ಕಾದು ಕೂತಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕುಡಿದು ಬೆಳೆದ ಬಯಲುಸೀಮೆಯ ಕಾರಿನಲ್ಲಿ ಈ ಪದರ ಸುಣ್ಣದ್ದು. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಮೆದು, ಆದರೆ ಸ್ವಲ್ಪ ಹುಳಿಗುಣದ್ದು. ಅದರಲ್ಲಿ ಸುಣ್ಣ ಕಟ್ಟುವುದು ಕಡಿಮೆ, ಕಬ್ಬಿಣ ತಿನ್ನುವುದು ಜಾಸ್ತಿ. ತುಕ್ಕು ಕೆಂಪು ರಾಡಿಯಾಗಿ ಇಳಿದು, ಪಂಪಿನಿಂದ ಅತಿ ದೂರದಲ್ಲಿರುವ ಕೊನೆಯ ಸಿಲಿಂಡರಿನ ಸುತ್ತ, ಬ್ಲಾಕಿನ ತಳದಲ್ಲಿ ಕೂರುತ್ತದೆ. ರೇಡಿಯೇಟರ್ ಎಷ್ಟು ತೊಳೆದರೂ ಇದು ಹೋಗುವುದಿಲ್ಲ. ಬ್ಲಾಕಿನ ಬದಿಯ ಡ್ರೈನ್ ಪ್ಲಗ್ ಬಿಚ್ಚಿದಾಗ ನೀರು ಬಾರದೆ, ತಂತಿ ಹಾಕಿ ಕೆದಕಿದ ಮೇಲೆ ಕೆಂಪು ಕೆಸರು ಕರಗಿ ಕರಗಿ ಬಂದರೆ ವಿಷಯ ಗೊತ್ತಾಯಿತು.

ಓಟದಲ್ಲಿ ಬಿಸಿಯಾಗುವ ಕಾರಿಗೆ ಮತ್ತೊಂದು ಗುಪ್ತ ಕಾರಣ ಕೆಳಗಿನ ಹೋಸ್ ಪೈಪ್. ಪಂಪು ನೀರನ್ನು ಎಳೆಯುವುದು ಈ ಪೈಪಿನ ಮೂಲಕ. ರಬ್ಬರ್ ಮೆತ್ತಗಾಗಿದ್ದರೆ, ಒಳಗೆ ಆಧಾರಕ್ಕಿದ್ದ ಸ್ಪ್ರಿಂಗ್ ತುಕ್ಕಿಗೆ ಕರಗಿಹೋಗಿದ್ದರೆ, ಎಂಜಿನ್ ಜೋರಾಗಿ ತಿರುಗಿದಾಗ ಪೈಪು ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಎಂಜಿನ್ ಸುಮ್ಮನೆ ತಿರುಗುವಾಗ ನೋಡಿದರೆ ಅದು ದುಂಡಗೆ, ಚೆನ್ನಾಗಿಯೇ ಕಾಣುತ್ತದೆ. ಬಾನೆಟ್ ತೆರೆದು, ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದು, ಇನ್ನೊಬ್ಬರು ಟಾರ್ಚ್ ಹಾಕಿ ನೋಡಿದರೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಯಾವಾಗ ಎಂಬ ಪ್ರಶ್ನೆ ಕೇಳದವನಿಗೆ ಈ ದೋಷ ಜನ್ಮದಲ್ಲಿ ಸಿಗದು.

ಉಳಿದೆರಡು ಸಂದರ್ಭಗಳನ್ನು ಬೇಗ ಮುಗಿಸಬಹುದು. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆಗಿ ಐದಾರು ನಿಮಿಷಕ್ಕೇ ಕೆಂಪು ಮುಟ್ಟಿದರೆ ನೀರು ಕಡಿಮೆಯಿರಬೇಕು, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕಚ್ಚಿರಬೇಕು, ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಸ್ಪೋರ್ಟ್ಸ್ ಕಾರುಗಳಲ್ಲಿ ತಗ್ಗು ಬಾನೆಟ್ಟಿಗಾಗಿ ರೇಡಿಯೇಟರನ್ನು ಎಂಜಿನ್ನಿನ ಹೆಡ್ಡಿಗಿಂತ ಕೆಳಗೆ ಕೂರಿಸಿರುವುದುಂಟು. ಆಗ ಗಾಳಿ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂಭಾಗವನ್ನು ಎತ್ತರಿಸಿ, ಹೀಟರ್ ತೆರೆದಿಟ್ಟು ನಿಧಾನವಾಗಿ ನೀರು ತುಂಬಬೇಕು. ಇನ್ನು, ನಿಲ್ಲಿಸಿದ ಮೇಲೆ ಮುಳ್ಳು ಏರುವುದು ಎಷ್ಟೋ ಸಲ ದೋಷವೇ ಅಲ್ಲ. ಘಾಟಿ ಹತ್ತಿ ಮುಗಿಸಿದವರು ಸೂರ್ಯಾಸ್ತ ನೋಡುವ ಆತುರದಲ್ಲಿ ಗಾಡಿ ಬದಿಗೆ ಹಾಕಿ ಕೀಲಿ ತಿರುಗಿಸಿಬಿಡುತ್ತಾರೆ. ಪಂಪು, ಫ್ಯಾನು ಎರಡೂ ತಕ್ಷಣ ನಿಲ್ಲುತ್ತವೆ, ಕಾದ ಹೆಡ್ಡು ತನ್ನ ಬಿಸಿಯನ್ನು ನಿಂತ ನೀರಿಗೆ ಬಿಡುತ್ತದೆ. ಎರಡು ನಿಮಿಷ ಎಂಜಿನ್ ಹಾಗೇ ತಿರುಗಲು ಬಿಟ್ಟು ಆಮೇಲೆ ಆಫ್ ಮಾಡಿದರೆ ಈ ತೊಂದರೆಯೇ ಇರುವುದಿಲ್ಲ. ಹಾಗೆ ಮಾಡಿಯೂ ನೀರು ಉಕ್ಕಿ ಹೊರಚೆಲ್ಲಿದರೆ ಮುಚ್ಚಳವನ್ನು ಸಂಶಯಿಸಬೇಕು.

ಆ ಮುಚ್ಚಳದ ಬೆಲೆ ತೀರಾ ಕಡಿಮೆ ಇರುವುದರಿಂದ ಅದಕ್ಕೆ ಮರ್ಯಾದೆಯೂ ಕಡಿಮೆ. ಆಗುಂಬೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಹಂತವನ್ನು ಮೇಲಕ್ಕೆ ತಳ್ಳುತ್ತದೆ. ಚದರ ಇಂಚಿಗೆ ಒಂದು ಪೌಂಡ್ ಒತ್ತಡಕ್ಕೆ ಒಂದೂವರೆ ಡಿಗ್ರಿಗಿಂತ ತುಸು ಜಾಸ್ತಿ. 7 ಪೌಂಡಿನ ಮುಚ್ಚಳ ಸರಿಯಿದ್ದರೆ 12 ಡಿಗ್ರಿಯಷ್ಟು ಆಸರೆ ಕೊಡುತ್ತದೆ. ಅದರ ರಬ್ಬರ್ ವಾಷರ್ ಒಣಗಿ ಬಿರಿದಿದ್ದರೆ ಆ 12 ಡಿಗ್ರಿ ಹೋಯಿತು. ಎಂಜಿನ್ ಎಂದಿನಷ್ಟೇ ಬಿಸಿಯಿದ್ದರೂ ಈಗ ನೀರು ಕುದಿದು ಹೊರಗೆ ಬರುತ್ತದೆ, ನೋಡಿದವರಿಗೆ ಎಂಜಿನ್ನೇ ಕೆಟ್ಟಂತೆ ಕಾಣುತ್ತದೆ. ಹಾಗೆಂದು 7 ಪೌಂಡಿನ ಜಾಗಕ್ಕೆ 15 ಪೌಂಡಿನ ಮುಚ್ಚಳ ಹಾಕುವುದು ತಪ್ಪು. ಹಳೆಯ ತಾಮ್ರ–ಹಿತ್ತಾಳೆ ರೇಡಿಯೇಟರಿನ ಬೆಸುಗೆ, ಹೀಟರಿನ ಬೆಸುಗೆ ಆ ಒತ್ತಡಕ್ಕೆ ಮಾಡಿದ್ದಲ್ಲ. ಬಿಸಿಯಿದ್ದಾಗ ಮುಚ್ಚಳಕ್ಕೆ ಕೈ ಹಾಕಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಪ್ರತಿ ವರ್ಷ ಎಷ್ಟೋ ಜನ ಮುಖ, ಮುಂಗೈ ಸುಟ್ಟುಕೊಳ್ಳುವುದು ಈ ಒಂದು ಆತುರದಿಂದ.

ಈ ಹಂತದಲ್ಲಿ ಒಂದು ಸರಿಯಾದ ಆಕ್ಷೇಪ ಬರುತ್ತದೆ: ಯಾವಾಗ ಬಿಸಿಯಾಗುತ್ತದೆ ಎಂದು ಮುಳ್ಳು ನೋಡಿ ಹೇಳುವುದಾದರೆ, ನಲವತ್ತು ವರ್ಷ ಹಳೆಯ ಮುಳ್ಳನ್ನು ನಂಬುವುದು ಹೇಗೆ? ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕರ್ನಾಟಕದ್ದೇ ಉದಾಹರಣೆಯಾಗಿ ಡಾಲ್ಫಿನ್ ಕಾರನ್ನು ನೋಡೋಣ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಬೆಂಗಳೂರಿನಲ್ಲಿ ಸಿಪಾನಿ ಕಂಪನಿಯವರು 1980ರ ದಶಕದಲ್ಲಿ ತಯಾರಿಸಿದ ಎರಡು ಬಾಗಿಲಿನ ಕಾರು ಅದು. ಫೈಬರ್ ಗ್ಲಾಸ್ ಮೈ, 848 ಸಿಸಿ ಎಂಜಿನ್, ಹಿಂದಿನ ಚಕ್ರಕ್ಕೆ ಚಾಲನೆ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಎದುರು ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ತೀರಾ ಹಗುರವಾದ್ದರಿಂದ ಆ ಕಾಲದ ರ‍್ಯಾಲಿ ಮತ್ತು ರೇಸ್ ಓಡಿಸುವವರ ಪ್ರೀತಿ ಗಳಿಸಿತ್ತು. ನಮ್ಮ ನೆಲದಲ್ಲಿ ತಯಾರಾಗಿ ಸ್ಪೋರ್ಟ್ಸ್ ಕಾರಿನ ಗುಣಕ್ಕೆ ಹತ್ತಿರ ಬಂದ ಹಳೆಯ ಕಾರು ಯಾವುದೆಂದರೆ ನಾನು ಇದನ್ನೇ ಹೆಸರಿಸುತ್ತೇನೆ. ಅದರ ಮೈ ಫೈಬರ್ ಆದ್ದರಿಂದ ತಗಡಿನ ಕಾರಿನ ಹಾಗೆ ಬಾಡಿಯೇ ಅರ್ಥಿಂಗ್ ಆಗುವುದಿಲ್ಲ. ಪ್ರತಿ ಮೀಟರಿಗೂ ಅರ್ಥ್ ವೈರ್ ಬೇಕು. ಮಲೆನಾಡಿನ ತೇವಕ್ಕೆ ಆ ವೈರಿನ ತುದಿ ಹಸಿರು ಕಟ್ಟಿದರೆ ಮುಳ್ಳು ಸುಳ್ಳು ಹೇಳುತ್ತದೆ. ಎಂಜಿನ್ ಕಡೆಯ ಅರ್ಥ್ ಕೆಟ್ಟರೆ ಸೆನ್ಸರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮೀಟರ್ ಹಿಂದಿನ ವೋಲ್ಟೇಜ್ ನಿಯಂತ್ರಕದ ಅರ್ಥ್ ಕೆಟ್ಟರೆ ಹೆಚ್ಚು ತೋರಿಸುತ್ತದೆ. ಹೆಚ್ಚು ತೋರಿಸುವುದನ್ನು ಹಿಡಿಯುವ ಉಪಾಯ ಸರಳ: ಅಂಥ ಬ್ರಿಟಿಷ್ ಮೂಲದ ಮೀಟರುಗಳಲ್ಲಿ ಪೆಟ್ರೋಲ್ ಮುಳ್ಳಿಗೂ ಉಷ್ಣತೆಯ ಮುಳ್ಳಿಗೂ ಕರೆಂಟ್ ಕೊಡುವುದು ಒಂದೇ ನಿಯಂತ್ರಕ. ಅರ್ಧ ಟ್ಯಾಂಕ್ ಪೆಟ್ರೋಲಿಗೆ ಮುಳ್ಳು ಮುಕ್ಕಾಲು ದಾಟಿ ನಿಂತಿದ್ದರೆ ಎಂಜಿನ್ ಮುಟ್ಟುವ ಮೊದಲು ಮೀಟರ್ ನೋಡಬೇಕು.

ಕಡಿಮೆ ತೋರಿಸುವುದು ಮಾತ್ರ ನಿಜಕ್ಕೂ ಅಪಾಯ, ಅದರಲ್ಲೂ ಡಾಲ್ಫಿನ್ನಿನಂಥ ಅಲ್ಯೂಮಿನಿಯಂ ಎಂಜಿನ್ನಿಗೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಹೆಚ್ಚುಕಡಿಮೆ ಎರಡರಷ್ಟು. ಬ್ಲಾಕು, ಹೆಡ್ಡು ಎರಡೂ ಕಬ್ಬಿಣದ್ದಾಗಿರುವ ಹಳೆಯ ಎಂಜಿನ್ ಒಂದೆರಡು ಬಾರಿ ಕುದಿದರೂ ಕ್ಷಮಿಸುತ್ತದೆ. ಅಲ್ಯೂಮಿನಿಯಂ ಹೆಡ್ಡು ಒಂದೇ ಬಾರಿಗೆ ಬಾಗಬಹುದು. ಹಾಗಾಗಿ ಆಕ್ಷೇಪಕ್ಕೆ ನನ್ನ ಉತ್ತರ, ಮುಳ್ಳಿನ ಮಾತಿಗೆ ಇನ್ನೊಂದು ಸಾಕ್ಷಿ ಹುಡುಕಿಕೊಳ್ಳಿ ಎಂಬುದು. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ನು ಈಗ ದುಬಾರಿಯಲ್ಲ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಹೇಳುತ್ತದೆ, ಕಪ್ಪು ಬಣ್ಣ ಬಳಿದ ಜಾಗಕ್ಕೆ ಹಿಡಿಯಬೇಕು. ಥರ್ಮೋಸ್ಟಾಟ್ ಇರುವ ಜಾಗ, ರೇಡಿಯೇಟರಿನ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಮೂರನ್ನೂ ಬರೆದಿಟ್ಟುಕೊಂಡು, ಮತ್ತೆ ರೇಡಿಯೇಟರಿನ ಮುಖದ ಮೇಲೆ ಅಡ್ಡಡ್ಡಲಾಗಿ ಹಾಯಿಸಿದರೆ ಕಟ್ಟಿಕೊಂಡ ಕೊಳವೆಗಳು ತಣ್ಣನೆಯ ಪಟ್ಟಿಗಳಾಗಿ ಸಿಗುತ್ತವೆ. ಅಂಥ ಪಟ್ಟಿ ಕಂಡರೆ ರೇಡಿಯೇಟರ್ ಬಿಚ್ಚಿ, ಟ್ಯಾಂಕಿನ ಬೆಸುಗೆ ತೆಗೆದು, ಕೊಳವೆಗಳಿಗೆ ಚಪ್ಪಟೆ ಸರಳು ಹಾಯಿಸಿ ಶುದ್ಧ ಮಾಡಿಸುವುದು ನ್ಯಾಯವಾದ ಖರ್ಚು. ತಾಮ್ರ–ಹಿತ್ತಾಳೆಯ ರೇಡಿಯೇಟರಿನ ಹಿರಿಮೆ ಇದು, ಬಿಚ್ಚಿ ಮತ್ತೆ ಕೂಡಿಸಬಹುದು. ಈ ಕೈಕೆಲಸ ಬಲ್ಲವರು ಕಡಿಮೆಯಾಗುತ್ತಿರುವುದು ಹಳೆ ಕಾರು ಇಟ್ಟುಕೊಂಡವರಿಗೆಲ್ಲ ದೊಡ್ಡ ನಷ್ಟ.

ಎರಡನೆಯ ಆಕ್ಷೇಪ ಅನುಭವಸ್ಥ ಮೆಕ್ಯಾನಿಕ್‌ಗಳದು. ಥರ್ಮೋಸ್ಟಾಟ್ ತೆಗೆದರೆ ಎಷ್ಟೋ ಗಾಡಿ ಸರಿಹೋಗಿವೆ, ನಮ್ಮದು ಚಳಿದೇಶವೇ, ಅದು ಏಕೆ ಬೇಕು ಎನ್ನುತ್ತಾರೆ. ಕಚ್ಚಿಕೊಂಡ ಥರ್ಮೋಸ್ಟಾಟ್ ತೆಗೆದರೆ ಬಿಸಿ ಇಳಿಯುವುದು ನಿಜ. ಆದರೆ ಅದರರ್ಥ ಹೊಸದು ಹಾಕಬೇಕು ಎಂದಷ್ಟೇ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಬುಡದ ಬಿಲ್ಲೆ ಅಡ್ಡದಾರಿಯ ರಂಧ್ರವನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ಆ ರಂಧ್ರ ಸದಾ ತೆರೆದಿದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ತಂಪು ಮಾಡಲು ಹೋಗಿ ಘಾಟಿಯಲ್ಲಿ ಇನ್ನಷ್ಟು ಬಿಸಿ ಮಾಡಿಕೊಂಡಂತಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕೇಡಿದೆ. ವರ್ಷಕ್ಕೆ ಸರಾಸರಿ 7,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಹೋಗಿಬರುವ ಎಂಜಿನ್ ಎಂದೂ ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ಆವಿ ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ತಣಿದು ಬೆಣ್ಣೆ ಬಣ್ಣದ ನೊರೆಯಾಗಿ ನಿಲ್ಲುತ್ತದೆ. ಅದನ್ನು ನೋಡಿದವರು ಆಯಿಲಿಗೆ ನೀರು ಬಂದಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಿ ಹೆಡ್ ಬಿಚ್ಚುತ್ತಾರೆ. ಡಿಪ್‌ಸ್ಟಿಕ್ ಎಳೆದು ನೋಡಬೇಕಿತ್ತು. ಅದರ ತುದಿಯ ಆಯಿಲ್ ತಿಳಿಯಾಗಿದ್ದು, ನೀರಿನ ಮಟ್ಟವೂ ಇಳಿಯದಿದ್ದರೆ ಮುಚ್ಚಳದ ನೊರೆ ಬರೀ ಆವಿಯದು. ಥರ್ಮೋಸ್ಟಾಟ್ ಕಿತ್ತವರು ತಾವೇ ಈ ನೊರೆಯನ್ನು ಹೆಚ್ಚಿಸಿ, ಅದೇ ನೊರೆಗೆ ಹೆದರಿ ಎಂಜಿನ್ ಬಿಚ್ಚುತ್ತಾರೆ. ವಾಲ್ವನ್ನು ಪರೀಕ್ಷಿಸಲು ಅಡುಗೆಮನೆ ಸಾಕು: ದಾರ ಕಟ್ಟಿ ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಹಿಡಿದು ನೋಡುವುದು. ಅದರ ಮೇಲೆ 82 ಅಥವಾ 88 ಎಂದು ಕೆತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳತೊಡಗಬೇಕು.

ಮೂರನೆಯದು ದುಡ್ಡಿದ್ದವರ ಆಕ್ಷೇಪ: ಇಷ್ಟೆಲ್ಲ ಏಕೆ, ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್, ಎರಡು ಕರೆಂಟ್ ಫ್ಯಾನ್ ಹಾಕಿದರೆ ಮುಗಿಯಿತಲ್ಲ? ಕೆಲವೊಮ್ಮೆ ಮುಗಿಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದವರಿಗೆ ಅದು ಬೇಕು ಸಹ. ಆದರೆ ಕಾರ್ಖಾನೆಯಿಂದ ಬಂದ ದಿನ ಈ ಕಾರು ಅದೇ ರೇಡಿಯೇಟರಿನಲ್ಲಿ ಘಾಟಿ ಹತ್ತಿತ್ತು. ಇವತ್ತು ಹತ್ತುತ್ತಿಲ್ಲವೆಂದರೆ ಏನೋ ಕೆಟ್ಟಿದೆ, ಆ ಕೆಟ್ಟದ್ದು ದೊಡ್ಡ ರೇಡಿಯೇಟರಿನ ಹಿಂದೆ ಅಡಗಿ ಕೂತು ಬೆಳೆಯುತ್ತದೆ. ಇಗ್ನಿಷನ್ ಟೈಮಿಂಗ್ ಹಿಂದೆ ಸರಿದಿದ್ದರೆ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಯಾಫ್ರಾಂ ಹರಿದಿದ್ದರೆ, ಪೆಟ್ರೋಲ್ ತಡವಾಗಿ ಉರಿದು ಶಕ್ತಿಯಾಗಬೇಕಾದ್ದು ಎಕ್ಸಾಸ್ಟ್ ಪೋರ್ಟಿನ ಗೋಡೆಗೆ ಬಿಸಿಯಾಗಿ ಹೋಗುತ್ತದೆ. ಮಳೆಗಾಲ ನಿಂತ ಕಾರಿನ ಬ್ರೇಕ್ ಕಚ್ಚಿಕೊಂಡಿದ್ದರೆ ಎಂಜಿನ್ ದಿನವಿಡೀ ಬ್ರೇಕಿನ ವಿರುದ್ಧ ದುಡಿಯುತ್ತದೆ. ಓಡಿಸಿ ಬಂದು ನಾಲ್ಕೂ ಡ್ರಮ್ಮಿಗೆ ಅದೇ ಥರ್ಮಾಮೀಟರ್ ಗನ್ ಹಿಡಿದರೆ ಇದು ಬಯಲಾಗುತ್ತದೆ. ಇನ್ನು ಈಗಿನ ಪೆಟ್ರೋಲ್. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಪೂರ್ತಿ ಉರಿಯಲು ಬೇಕಾದ ಗಾಳಿ ಕಡಿಮೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಗಾಳಿ ಬೆರೆಸುತ್ತದೆ. ಮಿಶ್ರಣ ಹೆಚ್ಚುಕಡಿಮೆ ಶೇ 8ರಷ್ಟು ತೆಳುವಾಗುತ್ತದೆ. ಮೊದಲೇ ತೆಳುವಿದ್ದ ಕಾರಿಗೆ ಏರಿನಲ್ಲಿ ಎಳೆತ ಕುಗ್ಗಿ, ಬಿಸಿ ಏರಲು ಇದೂ ಸೇರಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಕಂದು ಬಣ್ಣದ ಬದಲು ಸುಣ್ಣದಂತೆ ಬೆಳ್ಳಗಿದ್ದರೆ ಜೆಟ್ ಒಂದು ಅಳತೆ ದೊಡ್ಡದು ಹಾಕಿಸುವ ಮಾತಾಡಬಹುದು. ಇವ್ಯಾವುದನ್ನೂ ರೇಡಿಯೇಟರ್ ಸರಿಮಾಡಲಾರದು.

‘ಇಲ್ಲಿ ತಂಪು ಹವೆ, ಸ್ವಲ್ಪ ಬಿಸಿಯಾದರೇನಂತೆ’ ಎಂಬ ಸಮಾಧಾನವನ್ನೂ ಒಪ್ಪಲಾಗದು. ರೇಡಿಯೇಟರ್ 90 ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ 25 ಇದ್ದರೆ ನಡುವಿನ ಅಂತರ 65. ಬಳ್ಳಾರಿಯ ಏಪ್ರಿಲ್ಲಿನ 38ರಲ್ಲಿ ಅದು 52ಕ್ಕೆ ಇಳಿಯುತ್ತದೆ, ಅಂದರೆ ಶಾಖ ಬಿಡುವ ಸಾಮರ್ಥ್ಯ ಐದರಲ್ಲೊಂದು ಪಾಲು ಕುಗ್ಗಿತು. ಡಿಸೆಂಬರಿನ ಆಗುಂಬೆಯಲ್ಲಿ ಕುದಿಯುವ ಕಾರಿನಲ್ಲಿ ದೋಷ ಇದ್ದೇ ಇದೆ, ಹವೆ ಅದನ್ನು ಅರ್ಧ ಮುಚ್ಚಿಟ್ಟಿದೆ ಅಷ್ಟೆ. ಕೂಲೆಂಟ್ ಚಳಿದೇಶಕ್ಕೆ, ನಮಗೆ ಬಾವಿ ನೀರು ಸಾಕು ಎಂಬುದೂ ಇದೇ ಸಾಲಿನದು. ಹೆಪ್ಪುಗಟ್ಟುವ ಭಯ ನಮಗಿಲ್ಲ, ತುಕ್ಕಿನ ಭಯ ಇದೆ. ಕೂಲೆಂಟಿನಲ್ಲಿ ನಮಗೆ ಬೇಕಾದದ್ದು ಅದರ ತುಕ್ಕು ತಡೆಯುವ ಗುಣ. ಹಾಗೆಂದು ಬರೀ ಕೂಲೆಂಟನ್ನೇ ತುಂಬುವುದು ಅತಿರೇಕ, ಏಕೆಂದರೆ ಬಿಸಿ ಹೊರುವುದರಲ್ಲಿ ನೀರಿಗೆ ಸಾಟಿಯಿಲ್ಲ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದ ನೀರು ಶುದ್ಧ ನೀರಿಗಿಂತ ಆರರಲ್ಲೊಂದು ಪಾಲು ಕಡಿಮೆ ಶಾಖ ಹೊರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮೂರನೇ ಒಂದು ಪಾಲು ಬೆರೆಸಿದರೆ ನಮ್ಮ ಹವೆಗೆ ಧಾರಾಳ. ಹಳೆಯದನ್ನು ಅಂಗಳಕ್ಕೆ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷ, ನಾಯಿ, ದನಕರು ನೆಕ್ಕಿಬಿಡುತ್ತವೆ.

ಇಷ್ಟೆಲ್ಲ ನೋಡಿಯೂ ಉತ್ತರ ಸಿಗದಿದ್ದರೆ, ಅಥವಾ ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೊಡನೆ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ಟಿನ ಸರದಿ. ಆಗಲೂ ಬಿಚ್ಚುವ ಮೊದಲು ಒಂದು ಪರೀಕ್ಷೆ ಇದೆ. ರೇಡಿಯೇಟರಿನ ಬಾಯಿಗೆ ಕೊಳವೆಯೊಂದನ್ನು ಕೂರಿಸಿ, ಅದರಲ್ಲಿರುವ ನೀಲಿ ದ್ರಾವಣದ ಮೂಲಕ ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಉರಿದ ಅನಿಲ ನೀರಿಗೆ ಬರುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ನೀಲಿಯನ್ನು ಹಳದಿ ಮಾಡುತ್ತದೆ. ಹಳದಿಯಾದರೆ ಮಾತ್ರ ಹೆಡ್ ಬಿಚ್ಚಬೇಕು. ಬಿಚ್ಚಿದ ಮೇಲೆ ನೆಟ್ಟಗಿನ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಫೀಲರ್ ಗೇಜ್ ತೂರಿಸಿ ಎಷ್ಟು ಬಾಗಿದೆ ಎಂದು ಅಳೆಯಬೇಕು. ಮಿತಿ ಮೀರಿದ್ದರೆ ಲೇತಿಗೆ ಕೊಟ್ಟು ಮಟ್ಟ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು, ಮ್ಯಾನ್ಯುಯಲ್ ಹೇಳಿದ್ದರೆ ನಾಲ್ಕಾರು ನೂರು ಕಿ.ಮೀ. ಓಡಿದ ಬಳಿಕ ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ನೋಡಬೇಕು. ಕೆಲಸ ಮುಗಿದ ಕಾರನ್ನು ನೇರ ಘಾಟಿಗೆ ಒಯ್ಯದೆ ಮೊದಲು ತೀರ್ಥಹಳ್ಳಿ–ಮೇಗರವಳ್ಳಿ ನಡುವೆ ಓಡಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ನೀರಿನ ಮಟ್ಟ ನೋಡಿ, ಕಡಿಮೆಯಾಗಿದ್ದಷ್ಟನ್ನು ಅಳೆದು ತುಂಬಿ ಬರೆದಿಟ್ಟುಕೊಳ್ಳುವುದು ಕ್ಷೇಮ. ಎರಡನೆಯ ಬೆಳಿಗ್ಗೆಯೂ ಅಷ್ಟೇ ನೀರು ಹಿಡಿದರೆ ಸೋರಿಕೆ ಇನ್ನೂ ಎಲ್ಲೋ ಇದೆ.